ಬೇಜಾರು ಅಂದ್ರೆ ಹೆಂಗೆ?

ನಮ್ಮ ಕಡೆ ಬೇಜಾರು ಎಂಬ ಒಂದೇ ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಬಸ್ಸು ತಪ್ಪಿದರೂ ಬೇಜಾರು, ಮನೆಯಲ್ಲಿ ಸಾವಾದರೂ ಬೇಜಾರು. ಹಾಗಾಗಿ ನ್ಯಾಮತಿಗೆ ಕೊಟ್ಟಿರುವ ನನ್ನ ಅಕ್ಕ ತಿಂಗಳುಗಟ್ಟಲೆ "ಯಾಕೋ ಬೇಜಾರು" ಎಂದಾಗ ಯಾರೂ ಬೆಚ್ಚಲಿಲ್ಲ. ಜಾಗ ಬದಲಾದರೆ ಸರಿಹೋದೀತೆಂದು ಅವಳ ಅತ್ತೆ ಜಗಳೂರಿನ ತವರಿಗೆ ಕಳಿಸಿದರು. ಅಲ್ಲಿ ಅಮ್ಮ ಹೋಳಿಗೆ ಮಾಡಿ ಬಡಿಸಿ, ಹೊಸ ಸೀರೆ ಉಡಿಸಿ ವಾಪಸ್ ಕಳಿಸಿದಳು.

ನಾನಿರುವುದು ಚನ್ನಗಿರಿಯಲ್ಲಿ. ಒಂದು ಭಾನುವಾರ ಅಕ್ಕನನ್ನು ನೋಡಲು ಹೊರಟು ಹೊನ್ನಾಳಿಯಲ್ಲಿ ಬಸ್ಸಿಳಿದೆ. ಅವಳೇ ಸ್ಕೂಟಿ ತಂದಿದ್ದಳು. ಊರು ದಾಟಿದ ಮೇಲೆ ಮೆಕ್ಕೆಜೋಳದ ಲಾರಿಯೊಂದು ಹಾರ್ನ್ ಹೊಡೆಯುತ್ತ ಎದುರು ಬಂತು. ಅಕ್ಕ ಅದಕ್ಕೆ ಎದುರಾಗಿಯೇ ಹೋಗುತ್ತಿದ್ದಳು. ಹಿಂದಿನಿಂದ ಕೈಚಾಚಿ ಹ್ಯಾಂಡಲ್ ಎಳೆದೆ. ಇಬ್ಬರೂ ರಸ್ತೆ ಬದಿಯ ಹುಲ್ಲಿಗೆ ಬಿದ್ದೆವು. ಲಾರಿ ದಾಟಿಹೋದಾಗಿನ ಆ ಗಾಳಿ ಈಗಲೂ ಮುಖಕ್ಕೆ ಬಡಿದಂತಾಗುತ್ತದೆ. ಕುಕ್ಕರ್ ಕೂಗಿದರೂ ಹ್ಯಾಂಡಲ್ ಎಳೆಯಲು ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ.

ಕಾಣಲಿಲ್ಲವೇ ಎಂದು ಕೇಳಿದೆ.

"ಕಂಡಿತ್ತು ಕಣೆ. ಪಕ್ಕಕ್ಕೆ ತಗೋಬೇಕು ಅನ್ನಿಸ್ಲಿಲ್ಲ." ಮೊಣಕೈಯ ಮಣ್ಣು ಒರೆಸಿಕೊಂಡಳು. "ನಂಗೆ ನನ್ ಮ್ಯಾಲೇ ಭಯ ಆಗಾಕೆ ಹತ್ತೈತೆ. ಯಾರಾದ್ರೂ ಡಾಕ್ಟ್ರಿಗೆ ತೋರ್ಸು."

ಕೇಳಿದವಳು ಅವಳೇ. ಅದೊಂದು ನೆನೆದರೆ ಎದೆ ಹಗುರಾಗುತ್ತದೆ.

ಮನೆಯಲ್ಲಿ ಅತ್ತೆ ಮೊದಲು ಒಪ್ಪಲಿಲ್ಲ. ಹುಚ್ಚಿನ ಡಾಕ್ಟರ ಹತ್ತಿರ ಹೋದರೆ ಓಣಿಯವರು ಏನೆಂದಾರು ಎಂದರು. ಲಾರಿಯ ವಿಷಯ ಹೇಳಿದೆ. ಮನೋವೈದ್ಯರು ಹೊನ್ನಾಳಿ ಆಸ್ಪತ್ರೆಗೆ ಬರುವ ದಿನ, ಎಲ್ಲರಿಗಿಂತ ಮೊದಲು ಬ್ಯಾಗು ಹಿಡಿದು ನಿಂತವರು ಅತ್ತೆಯೇ.

ಆಸ್ಪತ್ರೆಯ ಬೆಂಚಿನ ಮೇಲೆ ಅದೇ ಓಣಿಯ ಹೆಂಗಸೊಬ್ಬರು ಸಿಕ್ಕಿದರು. ಯಾರಿಗೆ ಹುಷಾರಿಲ್ಲ ಎಂದು ಕೇಳಿಯೇಬಿಟ್ಟರು. ಅಕ್ಕ ತಲೆ ತಗ್ಗಿಸಿದಳು.

"ನಂಗೇ ಕಣವ್ವ," ಎಂದರು ಅತ್ತೆ. "ನಿದ್ದಿ ಬರಲ್ಲ. ಸೊಸಿ ಜೊತಿಗೆ ಬಂದಾಳೆ."

ಅಷ್ಟರಲ್ಲಿ ನರ್ಸ್ ಅಕ್ಕನ ಹೆಸರು ಕೂಗಿದರು. ಆ ಹೆಂಗಸು ನೋಡುತ್ತಲೇ ಇದ್ದರು.

"ಚೀಟಿ ಇವಳ ಹೆಸರಾಗೆ ಮಾಡ್ಸೀವಿ," ಎಂದು ಅತ್ತೆ ಎದ್ದು ಅಕ್ಕನ ಜೊತೆಗೇ ನಡೆದರು. ನಾನೂ ಹಿಂದೆ ಹೋದೆ.

ಒಳಗೆ ಹೋದೊಡನೆ, ಸೊಸೆಗೆ ಬೇಜಾರು ಎಂದು ಅವರೇ ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅಕ್ಕನ ಕಡೆ ತಿರುಗಿದರು.

"ಬೇಜಾರು ಅಂದ್ರೆ ಹೆಂಗೆ?"

ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ. ನಮ್ಮಿಬ್ಬರನ್ನೂ ಹೊರಗೆ ಕಳಿಸಲು ಅಕ್ಕನೇ ಕೇಳಿಕೊಂಡಳು. ಅತ್ತೆ, ನಾನು ಬಾಗಿಲಾಚೆ ನಿಂತೆವು. ಒಳಗೆ ಅಕ್ಕನ ದನಿ ನಿಲ್ಲದೆ ಹರಿಯುತ್ತಿತ್ತು.

ಕೊನೆಗೆ ಡಾಕ್ಟರಮ್ಮ ನಮ್ಮನ್ನು ಕರೆದು ಹೇಳಿದರು: ಇದು ಕಾಯಿಲೆ, ವಾಸಿಯಾಗುತ್ತದೆ, ಈಗಲೇ ಬಂದದ್ದು ಒಳ್ಳೆಯದಾಯಿತು. ಮಾತ್ರೆ ನಿಲ್ಲಿಸಬಾರದು, ಮಾತಾಡಲು ಮತ್ತೆ ಮತ್ತೆ ಬರಬೇಕು, ಸದ್ಯ ಗಾಡಿ ಓಡಿಸುವುದು ಬೇಡ, ಒಬ್ಬಳನ್ನೇ ಬಿಡಬಾರದು. ಅತ್ತೆ ಒಂದೊಂದಕ್ಕೂ ತಲೆಯಾಡಿಸಿದರು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ಹೇಳಿದೆವು. ಎರಡು ತುತ್ತು ತಿಂದು ಅಕ್ಕ ಮುಖ ಗಂಟಿಕ್ಕಿದಳು. ಚಟ್ನಿಗೆ ಉಪ್ಪು ಜಾಸ್ತಿ ಆಗಿದೆ ಎಂದಳು. ಇದು ಬೇಕು, ಇದು ಬೇಡ ಎಂದು ಅವಳು ಹೇಳಿ ಎಷ್ಟೋ ಕಾಲವಾಗಿತ್ತು. ಅತ್ತೆ ತಮ್ಮ ತಟ್ಟೆ ಅತ್ತ ಸರಿಸಿ, ಸಪ್ಲೈಯರ್‌ನನ್ನು ಕರೆದು ಅವಳಿಗೆ ಬೇರೆ ಚಟ್ನಿ ತರಿಸಿದರು.