ಹಬೀಬರ ಮನೆಗಾಡಿಯಲ್ಲಿ ಹಾಜಿರಾಬಿಯ ಜಾಗ

ಹಬೀಬರನ್ನು ನಾನು ಮೊದಲು ಕಂಡದ್ದು ಒಂದು ಶಂಕುವಿನ ದೆಸೆಯಿಂದ. ಆಗ ನಾನು ವಿರೂಪಾಕ್ಷಿಪುರದ ಶಾಲೆಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಗೋಳ, ಶಂಕು, ಸಿಲಿಂಡರುಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದರೂ ಮಕ್ಕಳ ಕಣ್ಣಿಗೆ ಅವು ಚಪ್ಪಟೆಯಾಗಿಯೇ ಕಾಣುತ್ತಿದ್ದವು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಚನ್ನಪಟ್ಟಣದ ಬಸ್ಸು ಹತ್ತಿದೆ. ಗೊಂಬೆ ಕಡೆಯುವವರ ಗಲ್ಲಿಯಲ್ಲಿ ಮೊದಲು ತೆರೆದಿದ್ದ ಬಾಗಿಲಿನ ಮುಂದೆ ನಿಂತು, ಶಾಲೆಯ ಮಕ್ಕಳಿಗೆ ತೋರಿಸಲು ಮರದಲ್ಲಿ ಒಂದು ಶಂಕು ಬೇಕಿತ್ತು ಎಂದೆ.

ಒಳಗಿದ್ದ ಯುವಕ ಕಡೆಯುವ ಯಂತ್ರವನ್ನು ನಿಲ್ಲಿಸಿ ತಲೆಯೆತ್ತಿದ. ಕೂದಲ ಮೇಲೆಲ್ಲ ಹಾಲೆಮರದ ಬಿಳಿಯ ಹೊಟ್ಟು. "ಶಂಕು ಅಂದ್ರೆ, ಕಡ್ಲೆಕಾಯಿ ಪೊಟ್ಲ ಬೋರಲು ಹಾಕ್ದಂಗೆ ತಾನೆ ಮೇಷ್ಟ್ರೆ?" ಎಂದು ಕೇಳಿದ. ಹೌದೆಂದೆ. ಬುಡ ಮೂರು ಅಂಗುಲ, ಎತ್ತರ ನಾಲ್ಕು ಎಂದು ಹೇಳಿದ್ದನ್ನು ಅವನು ಬರೆದುಕೊಳ್ಳಲಿಲ್ಲ, ಅಳತೆಕೋಲನ್ನೂ ಮುಟ್ಟಲಿಲ್ಲ. ಹತ್ತು ನಿಮಿಷದಲ್ಲಿ ಶಂಕು ನನ್ನ ಕೈಯಲ್ಲಿತ್ತು. ಕೆಂಪು ಅರಗಿನ ಬಿಸಿ ಇನ್ನೂ ಆರಿರಲಿಲ್ಲ. ಚೀಲದಿಂದ ಸ್ಕೇಲು ತೆಗೆದು ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಬೀಬ್ ನಗುತ್ತ, ಎಷ್ಟು ಮಾರ್ಕು ಕೊಡುತ್ತೀರಿ ಎಂದು ಕೇಳಿದ. ನಡುಮನೆಯಲ್ಲಿ ಕುಳಿತು ತಾಳೆಗರಿಯಿಂದ ಗೊಂಬೆಗಳಿಗೆ ಹೊಳಪು ಕೊಡುತ್ತಿದ್ದ ಅವನ ಹೆಂಡತಿ ಹಾಜಿರಾಬಿ, ಮೇಷ್ಟ್ರಿಗೆ ಮೊದಲು ಟೀ ಕೊಡಿ, ಮಾರ್ಕು ಆಮೇಲೆ ಕೇಳಿ ಎಂದು ಒಳಗಿನಿಂದಲೇ ಹೇಳಿದಳು. ಅಂದಿನಿಂದ ಆ ಮನೆಯ ಟೀ ನನಗೆ ತಪ್ಪಲಿಲ್ಲ. ನಿವೃತ್ತನಾದ ಮೇಲೆ ಚನ್ನಪಟ್ಟಣದಲ್ಲೇ, ಅವರ ಗಲ್ಲಿಗೆ ಎರಡು ಬೀದಿ ಆಚೆ ಮನೆ ಮಾಡಿದೆ.

ಹಬೀಬರು ವರ್ಷದಲ್ಲಿ ಐದಾರು ತಿಂಗಳು ಊರಲ್ಲಿರುತ್ತಿರಲಿಲ್ಲ. ಡೆಲ್ಲಿ, ಹೈದರಾಬಾದು, ಪುಣೆ, ಎಲ್ಲಿ ಕರಕುಶಲ ವಸ್ತುಗಳ ಪ್ರದರ್ಶನ ನಡೆದರೂ ಅಲ್ಲಿಗೆ ಗೊಂಬೆಯ ಪೆಟ್ಟಿಗೆಗಳೊಡನೆ ಹೋಗುವರು. ಹಾಜಿರಾಬಿ ಮನೆಯಲ್ಲಿ. ಮಗಳು ಮಹ್ವಿಶ್ ಚಿಕ್ಕವಳು, ಅತ್ತೆ ಹಾಸಿಗೆ ಹಿಡಿದವರು. ಒಂದೇ ಒಂದು ಸಲ ಆಕೆ ಗಂಡನ ಜೊತೆ ಹುಬ್ಬಳ್ಳಿಯ ಪ್ರದರ್ಶನಕ್ಕೆ ಹೋದದ್ದುಂಟು. ಅಲ್ಲಿ ಮಳಿಗೆಯ ಹಿಂದೆಯೇ ಚಾಪೆ ಹಾಸಿ ಮಲಗಬೇಕು, ಶೌಚಕ್ಕೆ ಅರ್ಧ ಮೈದಾನ ದಾಟಬೇಕು. ಹಗಲೆಲ್ಲ ನೀರು ಕುಡಿಯದೆ ಇದ್ದು, ಆರನೆಯ ದಿನ ಜ್ವರ ಹಿಡಿಸಿಕೊಂಡು ಊರಿಗೆ ಮರಳಿದಳು. ಇನ್ನು ನನ್ನನ್ನು ಕರೆಯಬೇಡಿ ಎಂದಳು. ಅವರೂ ಕರೆಯಲಿಲ್ಲ.

ವರ್ಷಗಳು ಕಳೆದವು. ಅತ್ತೆ ತೀರಿಕೊಂಡರು. ಮಹ್ವಿಶ್ ಮದುವೆಯಾಗಿ ರಾಮನಗರದ ರೇಷ್ಮೆ ನೂಲು ತೆಗೆಯುವವರ ಮನೆ ಸೇರಿದಳು. ಹಬೀಬರಿಗೆ ಅರವತ್ತು ತುಂಬಿತು. ಮೂರು ವರ್ಷದ ಹಿಂದೆ ಪುಣೆಯಿಂದ ಬಂದವರೇ ನೇರವಾಗಿ ನನ್ನ ಮನೆಗೆ ಬಂದರು. ಅಲ್ಲಿ ಗೊಂಬೆ ಕೊಳ್ಳಲು ಬಂದ ಗಂಡಹೆಂಡತಿ ಇಬ್ಬರು ವ್ಯಾನಿನಲ್ಲೇ ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಮಾಡಿಕೊಂಡು ಊರೂರು ಸುತ್ತುತ್ತಿದ್ದರಂತೆ. "ಇವ್ಳು ಬಂದ್ರೆ ಇನ್ನೊಂದು ಹತ್ತು ವರ್ಷ ಗೊಂಬೆ ಹೊತ್ಕೊಂಡು ತಿರುಗ್ತೀನಿ ಮೇಷ್ಟ್ರೆ. ಬರ್ಲಿಲ್ಲ ಅಂದ್ರೆ ಈ ವರ್ಷಕ್ಕೆ ಸಾಕು. ಒಬ್ನೇ ಉಂಡು ಒಬ್ನೇ ಮಲಗಿ ಬೇಜಾರಾಗ್ಬುಟ್ಟೈತೆ" ಎಂದರು.

ಹಾಜಿರಾಬಿ ಒಂದೇ ಮಾತು ಹೇಳಿದಳು: ಗಾಡಿಯೊಳಗೆ ಮನೆಯ ಹಾಗೆ ಇರಲು ಆದರೆ ಬರುತ್ತೇನೆ, ಆಗದಿದ್ದರೆ ಇಲ್ಲ.

ಕಾರ್ಖಾನೆಯೊಂದು ಕೆಲಸಗಾರರನ್ನು ಕರೆತರಲು ಇಟ್ಟುಕೊಂಡಿದ್ದ ಹಳೆಯ ಮಿನಿ ಬಸ್ಸು ಸಿಕ್ಕಿತು. ಒಳಗಿನ ಕೆಲಸವನ್ನು ಕೂಟಗಲ್ಲಿನ ಗಂಗರಾಜು ಒಪ್ಪಿಕೊಂಡ. ಲಾರಿ, ಬಸ್ಸುಗಳಿಗೆ ಬಾಡಿ ಕಟ್ಟುವ ಅವನ ಷೆಡ್ಡು ರಾಮನಗರದಲ್ಲಿದೆ. ಸೀಟುಗಳನ್ನೆಲ್ಲ ಕಿತ್ತು ಹಾಕಿ, ಯಾವುದು ಎಲ್ಲಿ ಬರಬೇಕು ಎಂದು ನಕ್ಷೆ ಕೇಳಿದ. ಹಬೀಬರು ಕಾಗದದಲ್ಲಿ ಬರೆಯುವವರಲ್ಲ. ಅವರು ಬಸ್ಸನ್ನೇ ಕಡೆದರು.

ಒಂದು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ, ಮಾಡು ತೆಗೆದಿಡಬಹುದಾದ ಮರದ ಬಸ್ಸು. ಒಳಗೆ ಬೇಕಾದ ಕಡೆ ಸರಿಸಿಡಲು ಕೆಂಪು ಹಾಸಿಗೆ, ಹಸಿರು ಅಡುಗೆ ಕಟ್ಟೆ, ಹಳದಿ ಬಚ್ಚಲು, ಎದುರುಬದುರು ಎರಡು ಬೆಂಚು, ನಡುವೆ ಒಂದು ಮೇಜು. ಜೊತೆಗೆ ಎರಡು ಗೊಂಬೆಗಳು: ಐದೂವರೆ ಅಂಗುಲದ ಹಬೀಬರು, ಐದು ಅಂಗುಲದ ಹಾಜಿರಾಬಿ. ಎರಡು ವಾರ ಆ ಬಸ್ಸು ನಮ್ಮ ಜಗಲಿಯ ಮೇಲೆ ನಿಂತಿತ್ತು. ಸಂಜೆ ಹಬೀಬರು, ಹಾಜಿರಾಬಿ, ನಾನು ಮೂವರೂ ಕುಳಿತು ಹಾಸಿಗೆಯನ್ನು ಹಿಂದಕ್ಕೆ ತಳ್ಳುವುದು, ಬಚ್ಚಲನ್ನು ಮುಂದಕ್ಕೆ ಎಳೆಯುವುದು. ಕೊನೆಗೆ ಹಬೀಬರ ಆಯ್ಕೆಯೇ ನಿಂತಿತು. ಹಿಂಭಾಗದಲ್ಲಿ ಅಡ್ಡಲಾಗಿ ಇಬ್ಬರಿಗೂ ಸೇರಿ ಒಂದು ದೊಡ್ಡ ಹಾಸಿಗೆ, ನಡುವೆ ಅಡುಗೆ ಕಟ್ಟೆ, ಅದರೆದುರು ಬೆಂಚು ಮೇಜು, ಬಾಗಿಲ ಪಕ್ಕ ಬಚ್ಚಲು. ಗೊಂಬೆಗಳನ್ನು ಬೆಂಚಿನ ಮೇಲಿಟ್ಟರೂ ಸರಿ, ಹಾಸಿಗೆಯಲ್ಲಿ ಮಲಗಿಸಿದರೂ ಸರಿ, ಸಲೀಸಾಗಿ ಹಿಡಿಸಿದವು. ನಾನೂ ಸ್ಕೇಲು ಹಿಡಿದು ಮೂಲೆಮೂಲೆ ಅಳೆದು, ಎಲ್ಲವೂ ಸರಿಯಾಗಿದೆ ಎಂದು ತೀರ್ಪು ಕೊಟ್ಟೆ.

ತಿಂಗಳಾದ ಮೇಲೆ ಗಂಗರಾಜು ಹಲಗೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮೊಳೆ ಹೊಡೆಯುವ ಮೊದಲು ಬಂದು ನೋಡಿ ಎಂದು ಹೇಳಿಕಳುಹಿಸಿದ. ಮೂವರೂ ಹೋದೆವು. ಹಾಜಿರಾಬಿ ಮೊದಲು ಹತ್ತಿ ಬೆಂಚಿನ ಮೇಲೆ ಕುಳಿತಳು. ಮೊಣಕಾಲು ಮೇಜಿನ ಅಂಚಿಗೆ ತಾಗಿ ಅಲ್ಲೇ ಸಿಕ್ಕಿಕೊಂಡಿತು. ಮೊದಲೇ ಮಂಡಿನೋವು ಆಕೆಗೆ. ಗಂಗರಾಜು ಒಂದು ಹಲಗೆಯನ್ನು ಎತ್ತಿದ ಮೇಲೆಯೇ ಏಳಲು ಆದದ್ದು. ಎದುರು ಬೆಂಚಿನಲ್ಲಿ ಕೂರಲು ಹೋದ ಹಬೀಬರ ಕಾಲಿಗೂ ಅಲ್ಲಿ ಎಡೆಯಿರಲಿಲ್ಲ.

ಹಾಜಿರಾಬಿ ಮಂಡಿ ನೀವಿಕೊಳ್ಳುತ್ತ ಕೇಳಿದಳು, "ಏನ್ರೀ, ನಿಮ್ಮ ಗೊಂಬೆಗೆ ಕಾಲೈತಾ?"

ಹಬೀಬರು ನಲವತ್ತು ವರ್ಷದಿಂದ ಕಡೆಯುತ್ತಿರುವುದು ಗುಂಡು ತಲೆ, ಕೆಳಗೆ ಗಂಟೆಯಂಥ ಮೈ, ಅಷ್ಟೆ. ಆ ಗೊಂಬೆಗಳಿಗೆ ಕಾಲಿಲ್ಲ, ಮೊಣಕೈಯಿಲ್ಲ, ಬಾಗಬೇಕಾದ ಸೊಂಟವೂ ಇಲ್ಲ. ಎತ್ತರವನ್ನು ಕೂದಲೆಳೆಯಷ್ಟೂ ತಪ್ಪದೆ ಕಡೆದವರು ಮನುಷ್ಯ ಕುಳಿತರೆ ಮಂಡಿ ಮುಂದೆ ಬರುತ್ತದೆ ಎಂಬುದನ್ನು ಮರೆತಿದ್ದರು. ಅಳೆದು ನೋಡಿದ ನನಗೂ ಅದು ಹೊಳೆದಿರಲಿಲ್ಲ.

ಆಕೆ ಹಾಸಿಗೆಯ ಕಡೆಗೂ ಒಮ್ಮೆ ನೋಡಿದಳು. "ಒಳಗಡೆ ಮಲಗೋರು ಯಾರು? ನಾನು ರಾತ್ರಿ ಮೂರು ಸಲ ಏಳ್ತೀನಿ. ಮೂರು ಸಲನೂ ನಿಮ್ಮನ್ನ ದಾಟ್ಕೊಂಡು ಹೋಗ್ಲಾ?" ಎಂದು ಕೆಳಗಿಳಿದಳು. ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಮರಳುವಾಗ, ನೀವೇ ಹೋಗಿಬನ್ನಿ, ನಾನು ಮನೆಯಲ್ಲಿರುತ್ತೇನೆ ಎಂದು ಗಂಡನಿಗೆ ಹೇಳಿದಳು. ಮರುದಿನ ಹಬೀಬರು ಆ ಮರದ ಬಸ್ಸನ್ನು ಅಟ್ಟದ ಮೇಲೆ ಹಾಕಿ, ಗಾಡಿಯನ್ನು ಬಂದ ಬೆಲೆಗೆ ಕೊಟ್ಟುಬಿಡುತ್ತೇನೆ ಎಂದು ನನ್ನ ಬಳಿ ಹೇಳಿಹೋದರು.

ಭಾನುವಾರ ಬೆಳಿಗ್ಗೆ ಹಾಜಿರಾಬಿ ನನಗೆ ಫೋನು ಮಾಡಿ, ಟೇಪು ಇದ್ದರೆ ತೆಗೆದುಕೊಂಡು ಬನ್ನಿ ಎಂದಳು. ಹೋಗಿ ನೋಡಿದರೆ ಮನೆಯ ಮುಂದಿನ ಅಂಗಳವನ್ನು ಗುಡಿಸಿ, ಕಡೆಯಲು ತಂದು ಒಣಗಿಸಿದ್ದ ಹಾಲೆಮರದ ತುಂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಗಾಡಿಯ ಒಳಗಿನಷ್ಟೇ ಜಾಗ: ಆರಡಿ ಅಗಲ, ಹದಿಮೂರಡಿ ಉದ್ದ. ಬಾಗಿಲಿಗೆ ಒಂದು ಕಡೆ ಸಂದು. ಹಬೀಬರು ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಬರಲ್ಲ ಅಂದಿದ್ದು ಆ ಗಾಡಿಗೆ ಮೇಷ್ಟ್ರೆ. ಇವ್ರಿಗಲ್ಲ" ಎಂದಳು ಹಾಜಿರಾಬಿ ನನ್ನ ಕಡೆ ತಿರುಗಿ. ಹಬೀಬರಿಗೆ ಕೇಳಿಸಲೆಂದೇ ಹೇಳಿದ ಮಾತು ಅದು.

ಅವತ್ತು ಇಬ್ಬರೂ ಸಂಜೆಯವರೆಗೆ ಆ ಗೆರೆಯೊಳಗೆ ಸಂಸಾರ ಮಾಡಿದರು. ಅಗಲ ಕಿರಿದಾದ ಎರಡು ಮಂಚ, ಸ್ಟೌವು, ಟ್ರಂಕು, ಬಚ್ಚಲ ಬದಲಿಗೆ ಒಂದು ಕುರ್ಚಿ. ಮರದ ತುಂಡನ್ನು ದಾಟಬಾರದು. ಹೋಗುವುದೂ ಬರುವುದೂ ಸಂದಿನಲ್ಲೇ. ಆಕೆ ಅನ್ನ ಮಾಡಿದಳು, ಸಾರು ಮಾಡಿದಳು, ಬಟ್ಟೆ ಮಡಿಸಿದಳು. ಗಲ್ಲಿಯ ಹೆಂಗಸರು ಬಂದು ನಿಂತು, ಇದೇನು ಹಾಜಿರಾ, ಮನೆ ಬಿಟ್ಟು ಬೀದಿಯಲ್ಲಿ ಒಲೆ ಹೂಡಿದ್ದೀಯಾ ಎಂದು ನಕ್ಕರು. ನಡುವೆ ಸ್ಟೌವಿದ್ದರೆ ಒಬ್ಬರು ಬಚ್ಚಲಿಗೆ ಹೋಗುವಾಗಲೆಲ್ಲ ಅಡುಗೆ ಮಾಡುವವರು ಪಕ್ಕಕ್ಕೆ ಒತ್ತರಿಸಬೇಕು ಎಂಬುದು ಹನ್ನೊಂದು ಗಂಟೆಗೆಲ್ಲ ತಿಳಿಯಿತು. ಸ್ಟೌವು ಬಾಗಿಲ ಹತ್ತಿರ ಬಂತು, ಬಚ್ಚಲು ಹಿಂದಕ್ಕೆ ಹೋಯಿತು. ಮೇಜು ಬೇಡವೇ ಬೇಡ ಎಂದಾಯಿತು. ಅವರು ಎಂದೂ ಮೇಜಿನ ಮೇಲೆ ಉಂಡವರಲ್ಲ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹಬೀಬರು ಪ್ರಾರ್ಥನೆಯ ಚಾಪೆ ಜಾನಮಾಜನ್ನು ಹಾಸಲು ಜಾಗ ಹುಡುಕಿದರು. ಅಡ್ಡ ಹಾಸಿದ ಒಂದು ದೊಡ್ಡ ಹಾಸಿಗೆಯಿದ್ದರೆ ಅದಕ್ಕೆ ಎಡೆಯೇ ಇರುತ್ತಿರಲಿಲ್ಲ. ಮಂಚಗಳನ್ನು ಎರಡು ಬದಿಗೂ ಉದ್ದಕ್ಕೆ ಸರಿಸಿದಾಗ ನಡುವೆ ದಾರಿ ಬಿತ್ತು. ಜಾನಮಾಜು ಅಲ್ಲಿ ಸರಿಯಾಗಿ ಕುಳಿತುಕೊಂಡಿತು. ದಾರಿಯ ಅಗಲ ಎರಡೂಕಾಲು ಅಡಿ. ನಮಾಜಿಗೆ ಮುಖ ಪಶ್ಚಿಮಕ್ಕಿರಬೇಕು, ಗಾಡಿಯೋ ಒಂದೊಂದು ಊರಲ್ಲಿ ಒಂದೊಂದು ದಿಕ್ಕಿಗೆ ನಿಲ್ಲುತ್ತದಲ್ಲ, ಆಗೇನು ಮಾಡುವುದು ಎಂದು ಹಬೀಬರು ಅನುಮಾನ ತೆಗೆದರು.

"ಸ್ಟೇರಿಂಗ್ ನಿಮ್ಮ ಕೈಲೇ ಐತಲ್ಲ" ಎಂದಳು ಹಾಜಿರಾಬಿ. "ಗಾಡಿನೇ ತಿರುಗ್ಸಿ ನಿಲ್ಸಿ."

ಊಟದ ಹೊತ್ತಿಗೆ ಗಂಗರಾಜುವೂ ಬಂದ. ಎಲ್ಲವನ್ನೂ ಟೇಪಿನಲ್ಲಿ ಹಿಡಿದು ಬರೆದುಕೊಂಡ. ಎರಡು ಮಂಚಗಳ ನಡುವಿನ ದಾರಿಯನ್ನು ಅಳೆಯುವಾಗ ಮಾತ್ರ ನಗು ತಡೆಯಲಾಗಲಿಲ್ಲ ಅವನಿಗೆ. "ಏನ್ ಸಾಬ್ರೆ, ಗಂಡ ಹೆಂಡ್ತಿ ಮಧ್ಯ ರೋಡ್ ಬುಡ್ಸ್ತಾ ಇದ್ದೀರಲ್ಲ!"

ಹಬೀಬರು ಮುಖ ತಗ್ಗಿಸಿದರು. ಒಂದೇ ಹಾಸಿಗೆ ಬೇಕೆಂಬುದು ಅವರ ಆಸೆಯಾಗಿತ್ತು. ಎರಡು ಮಂಚ ಎಂದಾಗಿನಿಂದ ಅವರ ಮನಸ್ಸು ಒಸಿ ಮುದುಡಿಯೇ ಇತ್ತು. ಹಾಜಿರಾಬಿ ತಟ್ಟೆಗೆ ಅನ್ನ ಹಾಕುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಮೂವತ್ತು ವರ್ಷ ಅವ್ರು ಡೆಲ್ಲೀಲಿ, ನಾನು ಚನ್ನಪಟ್ಟಣದಲ್ಲಿ ಮಲಗಿದ್ದೀವಿ ಗಂಗರಾಜಣ್ಣ. ಎರಡೂಕಾಲು ಅಡಿ ಏನ್ ದೂರ?"

ಹಬೀಬರು ನೀರು ತರುತ್ತೇನೆಂದು ಎದ್ದು ಒಳಗೆ ಹೋದರು. ಬಂದವರು ಗಂಗರಾಜುವಿಗೆ, ಹಾಗೇ ಮಾಡಪ್ಪ, ಮಂಚದ ಎತ್ತರ ಮಾತ್ರ ಇವಳು ಕೂತರೆ ಪಾದ ನೆಲಕ್ಕೆ ಊರುವಷ್ಟಿರಲಿ, ಬಚ್ಚಲಲ್ಲಿ ಹಿಡಿದು ಏಳಲು ಒಂದು ಕಂಬಿಯಿರಲಿ ಎಂದರು.

ಗಂಗರಾಜು ಹಾಗೆಯೇ ಮಾಡಿಕೊಟ್ಟ. ಮಂಚಗಳ ಕೆಳಗೆ ಗೊಂಬೆಯ ಪೆಟ್ಟಿಗೆಗಳು, ಬಾಗಿಲ ಬದಿಗೆ ಒಲೆ. ಸಾರಿಗೆ ಕಚೇರಿಯ ಕಾಗದಗಳಿಗೆ ಮಾತ್ರ ನಾಲ್ಕು ತಿಂಗಳು ಹಿಡಿಯಿತು. ಮೊದಲ ಸಲ ಮಾಗಡಿಗೆ, ಬರಿಯ ಎರಡು ದಿನ ಎಂದು ಹೊರಟರು. ಹಾಜಿರಾಬಿ ನಾಲ್ಕು ದಿನ ಬಿಟ್ಟು ಬಂದು, ಮಂಡಿ ಹಿಡಿಯಲಿಲ್ಲ ಎಂದಷ್ಟೇ ಹೇಳಿದಳು. ಆ ಚಳಿಗಾಲದಲ್ಲಿ ಹೈದರಾಬಾದಿಗೂ ಹೋಗಿ ಬಂದಳು.

ಈಗ ಅವರು ತಿಂಗಳಲ್ಲಿ ಹದಿನೈದು ದಿನ ದಾರಿಯ ಮೇಲೆಯೇ ಇರುತ್ತಾರೆ. ಹೋದ ವಾರ ಕಬ್ಬಾಳಿನಲ್ಲಿದ್ದರು. ನಾನೂ ಬಸ್ಸು ಹಿಡಿದು ಹೋಗಿ ನೋಡಿಬಂದೆ. ಬೆಟ್ಟದ ಕೆಳಗೆ ಹುಣಸೆಮರದ ನೆರಳಿನಲ್ಲಿ ಗಾಡಿ. ಹಾಜಿರಾಬಿ ಬಾಗಿಲಲ್ಲಿ ಕುಳಿತು ಈರುಳ್ಳಿ ಹೆಚ್ಚುತ್ತಲೇ, ಕಬ್ಬಾಳಮ್ಮನ ದರ್ಶನ ಮುಗಿಸಿ ಬಂದ ಹೆಂಗಸರಿಗೆ ಗೊಂಬೆಯ ಬೆಲೆ ಹೇಳುತ್ತಿದ್ದಳು. ಹಬೀಬರು ಹೊರಗೆ ಪಾತ್ರೆ ತೊಳೆಯುತ್ತಿದ್ದರು. ಆ ಕೆಲಸ ಯಾವಾಗಿನಿಂದ ಎಂದು ಕೇಳಿದೆ. ಅವರು ನಕ್ಕು, ಒಳಗೆ ಇಬ್ಬರು ನಿಲ್ಲಲು ಜಾಗ ಸಾಲದು, ಅದಕ್ಕೇ ಹೊರಗಿನ ಕೆಲಸವೆಲ್ಲ ತಮ್ಮ ಪಾಲಿಗೆ ಎಂದರು.

ನಿನ್ನೆ ಸಂಜೆ ಕನಕಪುರದಿಂದ ಹಬೀಬರ ಫೋನು ಬಂತು. ಶುಕ್ರವಾರಕ್ಕೆ ಊರಿಗೆ ಮರಳುತ್ತೇವೆಂದು ಹೇಳಿಹೋಗಿದ್ದರು. "ಇವ್ಳು ಮನೆ ಮಾತೇ ಎತ್ತುತ್ತಿಲ್ಲ ಮೇಷ್ಟ್ರೆ. ನಾಡಿದ್ದು ಮಳವಳ್ಳಿ ಕಡೆ ಹೋಗಣ ಅಂತಾಳೆ" ಎಂದರು. ಹಿಂದಿನಿಂದ ಹಾಜಿರಾಬಿಯ ದನಿ ಕೇಳಿಸಿತು. ಫೋನು ಆಮೇಲೆ ಮಾಡಿ, ಸಂತೆ ಮುಗಿಯುವ ಮೊದಲು ಒಂದು ಕಟ್ಟು ಕೊತ್ತಂಬರಿ ತನ್ನಿ ಎನ್ನುತ್ತಿದ್ದಳು.