ರಂಗವೇರಿದ ಧಾರೆ ಸೀರೆ

ರೇಷ್ಮೆ ಸೀರೆಯನ್ನು ಒಂದೇ ಮಡಿಕೆಯಲ್ಲಿ ಬಹುಕಾಲ ಇಡಬಾರದು ಮಕ್ಕಳೇ, ಮಡಿಕೆಯ ಗೆರೆಯಲ್ಲೇ ಅದು ಹರಿಯುತ್ತದೆ. ಆದ್ದರಿಂದ ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ನನ್ನ ಧಾರೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ನೆರಳಿನಲ್ಲಿ ಹರವಿ, ಮಡಿಕೆ ಬದಲಿಸಿ, ಹೊಸ ನುಸಿಗುಳಿಗೆ ಇಟ್ಟು ಮುಚ್ಚುತ್ತೇನೆ. ನಿಮ್ಮ ಅಜ್ಜ ಹೋದ ಮೇಲೆ ಅದನ್ನು ಉಟ್ಟದ್ದಿಲ್ಲ. ಉಡದ ಸೀರೆಗೆ ಇಷ್ಟು ಉಪಚಾರ ಯಾಕೆಂದು ನೀವು ಕೇಳಬಹುದು. ಕಾರ್ಕಳದ ಮದುವೆ ಚಪ್ಪರದಲ್ಲಿ ನಾಚಿಕೆಯಿಂದ ತಲೆ ಎತ್ತದೆ ಕುಳಿತ ನನಗೆ ಕಂಡದ್ದು ಎರಡೇ: ಮದುಮಗನ ಕಾಲಿನ ಹೆಬ್ಬೆರಳು ಮತ್ತು ಈ ಸೀರೆಯ ಹಸುರು ಅಂಚು. ಈಗ ಅಂಚು ಮಾತ್ರ ಉಳಿದಿದೆ.

ಈ ಸಲ ಸೀರೆ ಹರವಿದ ಹೊತ್ತಿಗೇ ಮಣಿಪಾಲದಲ್ಲಿ ಓದುವ ನಮ್ಮ ಮೇಧಾ ಬಂದಳು. ಉಡುಪಿಯಲ್ಲಿ ಅವಳ ತಂಡದ ನಾಟಕ, ಅದರಲ್ಲಿ ಅವಳೇ ರಾಣಿ. ಬಾಡಿಗೆಯ ಸೀರೆಗಳು ದೀಪದ ಬೆಳಕಿಗೆ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತವಂತೆ.

“ಅಜ್ಜಿ, ಒಂದೇ ದಿನಕ್ಕೆ. ಮಗುವಿನ ಹಾಗೆ ನೋಡಿಕೊಳ್ತೇನೆ, ಆಣೆ!”

ಇಲ್ಲ ಎನ್ನಲು ಗಟ್ಟಿ ಸ್ವರ ಬೇಕು. ಹಳ್ಳಿಯ ಶಾಲೆಯಲ್ಲಿ ಓದಿದ ಏಳು ವರ್ಷವೂ ಉತ್ತರ ಗೊತ್ತಿದ್ದೂ ಕೈ ಎತ್ತದೆ ಕುಳಿತವಳು ನಾನು. ಸೀರೆ ಹೋಯಿತು.

ಅದರ ಹಿಂದೆಯೇ ನಾನೂ ಹೊರಟೆ. ನೆರೆಮನೆಯ ಸಿಸಿಲಿ ಬಾಯಿಯವರನ್ನು ಜೊತೆ ಮಾಡಿಕೊಂಡು ಕಾಪುವಿನಿಂದ ಬಸ್ಸು ಹತ್ತಿ ಉಡುಪಿಯ ಸಭಾಂಗಣ ಸೇರಿದ್ದಾಯಿತು. ಬಯಲಾಟವನ್ನು ಹೆಂಗಸರ ಹಿಂದೆ ನಿಂತು ನೋಡಿದ್ದೆನೇ ಹೊರತು ಮೆತ್ತನೆಯ ಕುರ್ಚಿಯಲ್ಲಿ ಕುಳಿತು ನಾಟಕ ನೋಡಿದವಳಲ್ಲ. ದೀಪಗಳು ಆರಿದವು. ಬೆಳಕಿನ ವೃತ್ತದೊಳಗೆ ರಾಣಿ ಬಂದಳು. ನನಗೆ ರಾಣಿ ಕಾಣಲಿಲ್ಲ. ನೆಲಕ್ಕೆ ತಾಗುವ ನೆರಿಗೆ, ಸೆರಗಿನ ಹತ್ತಿರ ಉರಿಯುವ ದೀಪ, ಸಿಂಹಾಸನದಲ್ಲಿ ಇದ್ದಿರಬಹುದಾದ ಮೊಳೆ, ಇಷ್ಟೇ ಕಂಡದ್ದು.

“ಎಂತ ಮಾರಾಯ್ರೆ, ನೀವು ನಾಟಕ ನೋಡುದಾ, ಸೀರೆ ಕಾಯುದಾ?” ಸಿಸಿಲಿ ಬಾಯಿ ಪಿಸುಗುಟ್ಟಿದರು.

“ಕಾಯುದು” ಎಂದೆ.

ಅಷ್ಟರಲ್ಲಿ ರಾಜ ಸಿಟ್ಟಾಗಿ ರಾಣಿಯನ್ನೂ ಕೂಸನ್ನೂ ಕಾಡಿಗೆ ಅಟ್ಟಿದ. ಕಾಡಿನಲ್ಲಿ ಅವಳ ಮೈಮೇಲೆ ಹತ್ತಿಯ ಸೀರೆ ಇತ್ತು. ಬದುಕಿದೆ ಎಂದುಕೊಂಡೆ. ಆದರೆ ಅವಳು ತನ್ನ ಬಟ್ಟೆಯ ಗಂಟು ಬಿಚ್ಚಿ ನನ್ನ ಧಾರೆ ಸೀರೆಯನ್ನು ಹೊರಗೆಳೆದು, ಮರದ ಕೊಂಬೆಗೆ ತೊಟ್ಟಿಲು ಕಟ್ಟತೊಡಗಿದಳು. ಎಂತಹ ಗಂಟು ಅದು! ಎರಡೂ ಕೈಗಳಿಂದ ಜಗ್ಗಿ ಬಿಗಿದಳು. ಹಳೆಯ ಹತ್ತಿ ಸೀರೆ ಕಟ್ಟುವ ಜಾಗದಲ್ಲಿ ರೇಷ್ಮೆಯೇ! ಕುರ್ಚಿಯಿಂದ ಅರ್ಧ ಎದ್ದಿದ್ದೆ, ಸಿಸಿಲಿ ಬಾಯಿ ಸೆರಗು ಹಿಡಿದು ಕೂರಿಸಿದರು.

ಆಗ ರಂಗದ ಬದಿಯಿಂದ ಕೊಳಲು ಎದ್ದಿತು, ಅದರ ಹಿಂದೆ ಮೆಲ್ಲಗೆ ಮೃದಂಗ. ರಾಣಿ ಮಗುವನ್ನು ಮಲಗಿಸಿ ತೂಗುತ್ತಾ ಹಾಡಿದಳು. ಒಲೆಯ ಮುಂದೆ ಒಬ್ಬಳೇ ಹಾಡಿಕೊಳ್ಳುವಂತಹ ಸಣ್ಣ ಸ್ವರ ಕೊನೆಯ ಸಾಲಿನವರೆಗೂ ಕೇಳಿತು. ತೊಟ್ಟಿಲಲ್ಲಿದ್ದದ್ದು ಸುರುಳಿ ಸುತ್ತಿದ, ಮೈ ಒರೆಸುವ ಬೈರಾಸು. ಬೆಳಿಗ್ಗೆ ಮೇಧಾ ಅದನ್ನು ನಾನು ಬಟ್ಟೆ ಒಣಹಾಕುವ ಹಗ್ಗದಿಂದಲೇ ಎಳೆದುಕೊಂಡು ಹೋಗಿದ್ದಳು. ಆದರೂ ಮಗು ಒಮ್ಮೆ ಕಾಲಾಡಿಸಿತು. ನಾನು ಕಂಡಿದ್ದೇನೆ, ಬೇಕಾದರೆ ಸಿಸಿಲಿ ಬಾಯಿಯವರನ್ನು ಕೇಳಿ. ಅವರ ಕಾಲೂ ನನ್ನ ಕಾಲೂ ಕತ್ತಲಲ್ಲಿ ತೊಟ್ಟಿಲಿನ ತಾಳಕ್ಕೆ ತೂಗುತ್ತಿದ್ದವು. ಇಡೀ ಸಭೆ ಕೂಸು ಎಚ್ಚರವಾದೀತೆಂದು ಉಸಿರು ಹಿಡಿದಿತ್ತು.

ದೀಪ ಹತ್ತಿದಾಗ ಮೇಧಾ ಕೈಮುಗಿದು ನಿಂತಿದ್ದಳು. ಸೀರೆಯ ನೆನಪಾದದ್ದು ಆಗಲೇ. ಇಷ್ಟು ವರ್ಷ ಕಣ್ಣಿಂದ ದೂರ ಮಾಡದ ವಸ್ತು ಕಣ್ಣೆದುರಿಗೇ ಯಾವ ಕ್ಷಣದಲ್ಲಿ ಮಾಯವಾಯಿತೋ ನನಗೆ ಇಂದಿಗೂ ತಿಳಿಯದು.

ಮರುದಿನ ಅವಳು ಸೀರೆ ತಂದಳು, ಮುಖ ಚಿಕ್ಕದಾಗಿತ್ತು. “ಅಜ್ಜಿ, ಇಸ್ತ್ರಿ ಹಾಕಿ ಹಾಕಿ ಸಾಕಾಯ್ತು. ಗಂಟಿನ ಗುರುತು ಹೋಗುದಿಲ್ಲ. ಕಾರ್ಕಳದಲ್ಲಿ ಇನ್ನೊಂದು ಪ್ರದರ್ಶನ ಉಂಟು, ಅದಕ್ಕೆ ಬೇರೆ ಸೀರೆ ಹುಡುಕ್ತೇವೆ.”

ಹಸುರು ಅಂಚಿನ ಮೇಲಿದ್ದ ಆ ಸುಕ್ಕನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಮತ್ತೆ ಸೀರೆಯನ್ನು ಮಡಚಿ, ಪೆಟ್ಟಿಗೆಯಲ್ಲಿ ಇಡದೆ, ಅವಳ ಚೀಲಕ್ಕೇ ಹಾಕಿದೆ.

“ಗಟ್ಟಿ ಕಟ್ಟು” ಎಂದೆ. “ಮಗು ಬಿದ್ದೀತು.”

ಈ ವರ್ಷ ಮಡಿಕೆ ಬದಲಿಸುವ ಕೆಲಸ ನನಗಿಲ್ಲ.