ಉಸಿರಾಡುವವರಿಗೆ ಉಡಿಸುವುದು

ದೊಡ್ಡ ರಸ್ತೆಯ ಬಟ್ಟೆ ಅಂಗಡಿಯಲ್ಲಿ, ಗಾಜಿನ ಹಿಂದೆ ನಿಲ್ಲುವ ಗೊಂಬೆಗಳಿಗೆ ಬಟ್ಟೆ ತೊಡಿಸುವುದು ಅವಳ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಮಿಕ್ಕ ದಿನಗಳಲ್ಲಿ ಮನೆಯವರಿಗೂ ಅಂಗಡಿಯವರಿಗೂ ಅವಳು ಬುಗುರಿ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಊಟಕ್ಕೆ ಕೂತರೆ ಎರಡು ತುತ್ತಿನ ನಡುವೆ ಎದ್ದು ಕಿಟಕಿಯ ಪರದೆ ಸರಿಮಾಡಿ ಬರುತ್ತಿದ್ದಳು. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರ್ ಮಡಚಿಕೊಂಡಿದ್ದರೆ ಅವಳ ಕೈ ಕಡಿಯುತ್ತಿತ್ತು. ಒಂದೆರಡು ಸಲ ತಡೆಯಲಾರದೆ ಸರಿಮಾಡಿಯೂ ಬಿಟ್ಟು, ಚೆನ್ನಾಗಿ ಬೈಸಿಕೊಂಡು ಇಳಿದಿದ್ದಾಳೆ.

ಅವಳನ್ನು ಸಾಕಿದವಳು ಅಕ್ಕ. ಅಮ್ಮ ತೀರಿಕೊಂಡಾಗ ಬುಗುರಿಗೆ ಹಾಲುಹಲ್ಲು ಬೀಳುವ ವಯಸ್ಸು, ಅಕ್ಕನಿಗೆ ಕೆಲಸಕ್ಕೆ ಸೇರುವ ವಯಸ್ಸು. ಅಕ್ಕ ಅವತ್ತು ಹಿಡಿದ ಇಸ್ತ್ರಿಪೆಟ್ಟಿಗೆಯನ್ನು ಇವತ್ತಿಗೂ ಬಿಟ್ಟಿಲ್ಲ. ಊರಿನ ಹಳೆಯ ಲಾಂಡ್ರಿಯಲ್ಲಿ ಈಗ ಅವಳೇ ಹಿರಿಯಳು, ಬೀಗದ ಕೈ ಇರುವುದೂ ಅವಳ ಹತ್ತಿರವೇ. ಭಾವ ಲಾರಿ ಓಡಿಸುವವರು, ವಾರದ ಬಹುಪಾಲು ರಸ್ತೆಯ ಮೇಲೇ ಇರುತ್ತಾರೆ. ಹಾಗಾಗಿ ಅಕ್ಕನ ಮನೆ ಬುಗುರಿಗೆ ಆಟದ ಬಯಲು. ಹೋದಾಗಲೆಲ್ಲ ಏನಾದರೊಂದು ಬದಲಾಯಿಸದೆ ಬಂದವಳಲ್ಲ. ಗೋಡೆಗೆ ಆನಿಸಿದ ಮಂಚ ಕಿಟಕಿಯ ಕೆಳಗೆ ಬರುತ್ತದೆ. "ಬೇಡ ಕಣೇ, ರಾತ್ರಿ ಗಾಳಿಗೆ ಮೂಗು ಕಟ್ಟುತ್ತೆ" ಎಂದು ಅಕ್ಕ ಹೇಳಿದರೆ, "ನೀನು ಸುಮ್ನಿರಕ್ಕಾ, ನೋಡೋಕೆ ಎಷ್ಟು ಲಕ್ಷಣವಾಗಿದೆ" ಎಂಬ ಉತ್ತರ. ಭಾವ ಬಂದ ದಿನ ಮಂಚ ಮತ್ತೆ ಗೋಡೆಗೆ ಹೋಗುತ್ತದೆ. ಅಕ್ಕನಿಗೆ ಜ್ವರ ಬಂದು ಮಲಗಿದ್ದ ಎರಡು ದಿನದಲ್ಲಿ ಅಡುಗೆಮನೆಗೆ ಗಿಳಿಹಸಿರು ಬಣ್ಣ ಬಳಿದದ್ದೂ ಬುಗುರಿಯೇ. ಎದ್ದು ಬಂದ ಅಕ್ಕ ಜ್ವರ ಇನ್ನೂ ಬಿಟ್ಟಿಲ್ಲವೇನೋ ಅಂದುಕೊಂಡಳಂತೆ. ಎಲ್ಲವನ್ನೂ ಬುಗುರಿ ಪ್ರೀತಿಯಿಂದಲೇ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆ ಪ್ರೀತಿಯನ್ನು ತಡೆದುಕೊಳ್ಳುವ ಕೆಲಸ ಮಾತ್ರ ಅಕ್ಕನದು.

ಆ ವರ್ಷ ಬುಗುರಿಯ ಚಡಪಡಿಕೆ ಮಿತಿಮೀರಿತ್ತು. ಗಾಜಿನ ಆ ಪೆಟ್ಟಿಗೆಯೊಳಗೆ ದಿನವಿಡೀ ಮಂಡಿಯೂರಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಹೊರಗಿನ ಜನ ತನ್ನನ್ನು ದಾಟಿ ಗೊಂಬೆಯನ್ನು ನೋಡುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಬಟ್ಟೆ ಕಂಪನಿಯೊಂದಕ್ಕೆ ಫೋಟೋ ವಿಭಾಗದಲ್ಲಿ ರೂಪದರ್ಶಿಗಳಿಗೆ ಉಡುಪು ತೊಡಿಸುವವರು ಬೇಕಾಗಿದ್ದರು. ಇವಳು ಹೋಗಿ ತನ್ನ ಗಾಜಿನ ಕಿಟಕಿಗಳ ಚಿತ್ರಗಳನ್ನೆಲ್ಲ ಮುಂದೆ ಹರಡಿದಳು. ಅಲ್ಲಿನ ಮೇಲಧಿಕಾರಿ, ಮೃದು ಮಾತಿನ ಹೆಂಗಸು, ಒಂದೊಂದನ್ನೂ ಸಮಾಧಾನದಿಂದ ನೋಡಿದರು.

"ಕೈಕೆಲಸ ಚೆನ್ನಾಗಿದೆಯಮ್ಮ. ಆದರೆ ಗೊಂಬೆಗೆ ಉಡಿಸೋದು ಬೇರೆ, ಉಸಿರಾಡೋರಿಗೆ ಉಡಿಸೋದು ಬೇರೆ. ಜೀವ ಇರೋರಿಗೆ ಉಡಿಸಿ ಫೋಟೋ ತೆಗೆಸಿ ಕಳಿಸಿ. ತಿಂಗಳ ಕೊನೇವರೆಗೂ ಕಾಯ್ತೀನಿ."

ಬುಗುರಿ ಮೆಟ್ಟಿಲಿಳಿಯುವಷ್ಟರಲ್ಲೇ ಅರ್ಧ ಏರ್ಪಾಟು ಮನಸ್ಸಿನಲ್ಲಿ ಮುಗಿಸಿದ್ದಳು. ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಕೈಯಲ್ಲಿ ಕಾಸಿಲ್ಲದ ನಾಲ್ಕಾರು ಜನ ಒಟ್ಟಿಗೆ ಸೇರುತ್ತಾರೆ. ಯಾರಿಗೂ ಕೂಲಿಯಿಲ್ಲ, ಬಂದ ಫೋಟೋ ಎಲ್ಲರದೂ. ಅವರವರು ಅದನ್ನು ತೋರಿಸಿ ಮುಂದೆ ಕೆಲಸ ಹುಡುಕಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ತೆಗೆದೂ ತೆಗೆದೂ ಬೇಸತ್ತಿದ್ದ ಸ್ಟುಡಿಯೋದವನು ಒಪ್ಪಿದ. ಅಂಗಡಿಯ ಬಟ್ಟೆ ಸರಿಪಡಿಸಿಕೊಡುತ್ತಿದ್ದ ದರ್ಜಿ ಒಂದು ಕೋಟು ಹೊಲಿದುಕೊಡಲು ಒಪ್ಪಿದರು. ಬ್ಯೂಟಿ ಪಾರ್ಲರಿನವಳೂ ಒಪ್ಪಿದಳು. ಅಂಗಡಿಯ ಬಿಲ್ಲಿನ ಕೌಂಟರಿನಲ್ಲಿ ಕೂರುವ ತೆಳ್ಳಗಿನ ಹುಡುಗಿ ರೂಪದರ್ಶಿ. ಅವಳಿಗೆ ಅಪ್ಪನ ಹೆದರಿಕೆ. ಅವಳನ್ನು ಒಪ್ಪಿಸಲು ಬುಗುರಿ ತಾನೇ ಒಂದು ನಿಯಮ ಮಾಡಿದಳು: ಫೋಟೋದಲ್ಲಿ ಇರುವವರು ಯಾವ ಚಿತ್ರವನ್ನು ಬೇಡ ಅನ್ನುತ್ತಾರೋ ಅದು ಎಲ್ಲೂ ಹೊರಗೆ ಹೋಗಕೂಡದು. ಎಲ್ಲರೂ ತಲೆಯಾಡಿಸಿದರು.

ಬುಗುರಿ ಎಡವಿದ್ದು ಎಲ್ಲರನ್ನೂ ಅಟ್ಟಕ್ಕೇರಿಸಿದ್ದರಲ್ಲಿ. ಸ್ಟುಡಿಯೋದವನಿಗೆ, "ಲಾಂಡ್ರಿಯಲ್ಲಿ ಮಾಡೋಣ, ಹಬೆ ಬಿಡಿಸ್ತೀನಿ, ಬೆಳಕೇ ಎಲ್ಲಾ" ಎಂದಿದ್ದಳು. ಪಾರ್ಲರಿನವಳಿಗೆ, "ಮುಖವೇ ಎಲ್ಲಾ, ಹತ್ತಿರದಿಂದ ತೆಗೆಸ್ತೀನಿ" ಎಂದಿದ್ದಳು. ದರ್ಜಿಗೆ, "ನೀವು ಹೊಲಿದ ಕೋಟಿಗೋಸ್ಕರವೇ ಇದೆಲ್ಲ, ಕಾಲಿಂದ ತಲೆವರೆಗೂ ಕಾಣ್ಬೇಕು" ಎಂದಿದ್ದಳು. ಮೂವರೂ ಮದುವೆಯ ವರ ತಾನೇ ಎಂಬಂತೆ ಭಾನುವಾರ ಬೆಳಿಗ್ಗೆ ಲಾಂಡ್ರಿಗೆ ಬಂದಿಳಿದರು. ವಧು ಮಾತ್ರ ಬರಲಿಲ್ಲ. ಬಿಲ್ಲಿನ ಹುಡುಗಿಯ ಫೋನು ಸ್ವಿಚ್ ಆಫ್.

ಕೂಲಿ ಕೊಟ್ಟಿದ್ದರೆ ಬೈಯಬಹುದಿತ್ತು. ಕೊಡದವಳು ಏನಂತ ಬೈಯುವುದು? ಬುಗುರಿ ರಸ್ತೆಯ ಎರಡೂ ಕೊನೆಗೆ ಓಡಿ ನೋಡಿ ಬಂದಳು, ಹತ್ತಾರು ಸಲ ಫೋನು ಒತ್ತಿದಳು. ಒಳಗೆ ಸ್ಟುಡಿಯೋದವನು ಮೇಲೆ ಎಳೆದುಕಟ್ಟಿದ ಬಿಳಿ ಚಾದರಗಳ ನಡುವೆ ದೀಪ ನಿಲ್ಲಿಸಿ ಆಗಿತ್ತು. ಲಾಂಡ್ರಿಯ ಮಾಲೀಕರು ಮಧ್ಯಾಹ್ನದವರೆಗೆ ಮಾತ್ರ ಜಾಗ ಬಿಟ್ಟುಕೊಟ್ಟಿದ್ದರು. ಬುಗುರಿಯ ಕಣ್ಣು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅಕ್ಕನ ಮೇಲೆ ಬಿತ್ತು. ಬೀಗ ತೆಗೆಯಲೆಂದು ಬಂದಿದ್ದಳು ಪಾಪ.

"ಅಕ್ಕಾ, ನೀನೇ ನಿಲ್ಲು."

"ನಾನಾ? ತಲೆ ಕೆಟ್ಟಿದೆಯೇನೆ ನಿನಗೆ? ಬೇಡ."

"ಒಂದೇ ಒಂದು ಗಂಟೆ."

"ಬೇಡ ಅಂದ್ನಲ್ಲ. ನಾಳೆ ಇಲ್ಲೇ ಕೆಲಸ ಮಾಡೋಳು ನಾನು. ನಾಲ್ಕು ಜನ ನೋಡಿದ್ರೆ ನಗ್ತಾರೆ."

"ಯಾರೂ ನಗಲ್ಲ, ಏಳು ಏಳು," ಎನ್ನುತ್ತಾ ಬುಗುರಿ ಅಷ್ಟರಲ್ಲಿ ಅಕ್ಕನ ಜಡೆ ಬಿಚ್ಚಿಯಾಗಿತ್ತು.

ಪಾರ್ಲರಿನವಳು ಮುಖಕ್ಕೆ ಬಣ್ಣ ಹಚ್ಚಿದಳು. ಸ್ಟುಡಿಯೋದವನು ಹಬೆ ಬಿಡಿಸಿದ. ಬಣ್ಣ ಗಲ್ಲದ ಮೇಲಿಂದ ಇಳಿದು ಕುತ್ತಿಗೆಗೆ ಬಂತು. "ನನ್ನ ಕೆಲಸ ಎಲ್ಲಾ ನೀರಲ್ಲಿ ಹೋಯ್ತಲ್ರೀ, ಮುಖವೇ ಎಲ್ಲಾ ಅಂದಿದ್ರಿ?" ಎಂದು ಅವಳು ಬುಗುರಿಯ ಕಡೆ ತಿರುಗಿ ಕೂಗಿದಳು. "ಬೆಳಕೇ ಎಲ್ಲಾ ಅಂತ ನನಗೆ ಹೇಳಿದ್ರು" ಎಂದು ಇವನು. ದರ್ಜಿ ಇಬ್ಬರ ಮಧ್ಯೆ ಬಂದು, ತಮ್ಮ ಕೋಟಿನ ದೊಡ್ಡ ಕಾಲರ್ ಹಬೆಗೆ ಸೋತು ಜೋತುಬಿದ್ದದ್ದನ್ನು ಎತ್ತಿ ತೋರಿಸಿದರು. ಇನ್ನೊಂದು ಪೇಚು ಇದಕ್ಕಿಂತ ದೊಡ್ಡದು. ಕೋಟು ಹೊಲಿದದ್ದು ಬಿಲ್ಲಿನ ಹುಡುಗಿಯ ಅಳತೆಗೆ. ಅಕ್ಕನ ಗಾತ್ರ ಅಂಥ ಒಂದೂವರೆ ಹುಡುಗಿಯಷ್ಟು. ಬೆನ್ನಿನ ಹೊಲಿಗೆ ಬಿಚ್ಚಿ, ತೆರೆದ ಬೆನ್ನಿಗೆ ಒಂದು ಟವೆಲ್ ಹೊದಿಸಿ, ಮುಂದಿನಿಂದ ಮಾತ್ರ ಕೋಟಿನಂತೆ ಕಾಣುವ ಹಾಗೆ ಕ್ಲಿಪ್ಪು ಹಾಕಬೇಕಾಯಿತು. ಹೊಲಿಗೆ ಬಿಚ್ಚುವಾಗ ದರ್ಜಿ ಗೋಡೆಯ ಕಡೆ ತಿರುಗಿ ನಿಂತರು.

ಬುಗುರಿಗೆ ಈಗ ಮೈಯೆಲ್ಲ ಕೈ. ಅಕ್ಕನ ಗದ್ದ ಹಿಡಿದು ಎಡಕ್ಕೆ ತಿರುಗಿಸಿದಳು, ಭುಜ ಒತ್ತಿ ಕೆಳಗಿಳಿಸಿದಳು, ಮಂಡಿಗೆ ತನ್ನ ಮಂಡಿ ತಾಗಿಸಿ ಕಾಲು ಸರಿಸಿದಳು. ಗಂಟೆ ಓಡುತ್ತಿತ್ತು, ಜಗಳ ನಡೆಯುತ್ತಿತ್ತು, ಬಾಯಲ್ಲಿ ಗುಂಡುಪಿನ್ನು. ಕೋಟಿನ ಬಲತೋಳು ಬಿಗಿಯಾಗಿ ಅಕ್ಕನ ಅಂಗೈಯ ಹತ್ತಿರ ಸಿಕ್ಕಿಕೊಂಡಿತ್ತು. ಗೊಂಬೆಗೆ ಬಿಗಿತೋಳು ತೊಡಿಸುವುದಕ್ಕೆ ಒಂದು ಕ್ರಮವಿದೆ. ಗೊಂಬೆಯ ಬೆರಳು ಮಡಚುವುದಿಲ್ಲ. ಆದ್ದರಿಂದ ಮಣಿಕಟ್ಟು ಹಿಡಿದು ಒಮ್ಮೆ ಜೋರಾಗಿ ತಿರುವಿದರೆ ಅಂಗೈ ಕಳಚಿ ಬರುತ್ತದೆ, ತೋಳು ಏರಿಸಿ ಮತ್ತೆ ಸಿಕ್ಕಿಸುವುದು. ವರ್ಷಗಟ್ಟಲೆ ಮಾಡಿದ ಕೈ ತಲೆಯನ್ನು ಕೇಳುವುದಿಲ್ಲ. ಬುಗುರಿ ಎಲ್ಲೋ ನೋಡುತ್ತಾ, ಸ್ಟುಡಿಯೋದವನಿಗೆ ಏನೋ ಉತ್ತರಿಸುತ್ತಾ, ಅಕ್ಕನ ಮಣಿಕಟ್ಟು ಹಿಡಿದು ತಿರುವಿದಳು.

ಅಕ್ಕ "ಅಮ್ಮಾ" ಎಂದಳು. ಕೂಗಲಿಲ್ಲ, ಅಂದಳು ಅಷ್ಟೇ. ಆಮೇಲೆ ತಂಗಿಯ ಮುಖವನ್ನು ನೋಡಿದಳು. ಅದೇ ಹೊತ್ತಿಗೆ ಕ್ಯಾಮೆರಾ ಕ್ಲಿಕ್ ಎಂದಿತು; ಸ್ಟುಡಿಯೋದವನ ಬೆರಳೂ ಯಾರನ್ನೂ ಕೇಳುವಂಥದ್ದಲ್ಲ.

"ಕೈ ಕಳಚಿಕೊಂಡು ಹೋಗ್ತೀಯೇನೆ?" ಎಂದಳು ಅಕ್ಕ ಮಣಿಕಟ್ಟು ಉಜ್ಜಿಕೊಳ್ಳುತ್ತಾ. "ಸಂಜೆ ಅಡುಗೆ ಮಾಡೋಕೆ ಬೇಕು ನನಗೆ, ಬಿಟ್ಟು ಹೋಗು."

ಪಾರ್ಲರಿನವಳು ನಕ್ಕಳು, ದರ್ಜಿಯೂ ನಕ್ಕರು, ಜಗಳ ಅಲ್ಲಿಗೆ ತಣ್ಣಗಾಯಿತು. ಬುಗುರಿಯೂ ನಗಲು ಹೋದಳು, ನಗು ಬರಲಿಲ್ಲ. "ನೋವಾಯ್ತಾ ಅಕ್ಕಾ?" ಎಂದು ಕೇಳಿದ್ದಕ್ಕೆ ಅಕ್ಕ "ಮುಗಿಸು ಬೇಗ" ಎಂದಷ್ಟೇ ಹೇಳಿದಳು. ಅಲ್ಲಿಂದಾಚೆಗೆ ಅವಳು ಹೇಳಿದ ಕಡೆ ನಿಂತಳು, ತಿರುಗಿಸಿದ ಕಡೆ ತಿರುಗಿದಳು. ಮಾಲೀಕರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಂಗಳವಾರ ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರೂ ಸ್ಟುಡಿಯೋದ ಪುಟ್ಟ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತರು. ಫೋಟೋಗಳು ಒಂದೊಂದಾಗಿ ಬಂದವು. ಬೆಳಕು ಚೆನ್ನಾಗಿತ್ತು, ಕೋಟೂ ಚೆನ್ನಾಗಿತ್ತು, ಆದರೆ ಒಂದರಲ್ಲೂ ಅಕ್ಕ ಇರಲಿಲ್ಲ. ಅವಳಷ್ಟೇ ಎತ್ತರದ, ಅವಳದೇ ಮೂಗಿನ ಒಂದು ಗೊಂಬೆ ನಿಂತಿತ್ತು. ಇದನ್ನು ಕಳಿಸುವುದಕ್ಕಿಂತ ಗಾಜಿನ ಕಿಟಕಿಯ ಚಿತ್ರಗಳನ್ನೇ ಇನ್ನೊಂದು ಸಲ ಕಳಿಸಬಹುದಿತ್ತು. ಆಗ ಆ ಒಂದು ಫೋಟೋ ಬಂತು.

ಎಲ್ಲರೂ ಪರದೆಯ ಕಡೆ ಬಾಗಿದರು. ಹಬೆಯ ನಡುವೆ ಅಕ್ಕ, ಅರ್ಧ ಏರಿದ ತೋಳು, ಕರಗಿ ಇಳಿದ ಬಣ್ಣ, ಜೋತುಬಿದ್ದ ಕಾಲರ್. ಆ ಕಣ್ಣುಗಳಲ್ಲಿ ಸಿಟ್ಟೂ ಇತ್ತು, ಇನ್ನೇನೋ ಹಳೆಯ ದಣಿವೂ ಇತ್ತು. ಕೆಟ್ಟುಹೋಯಿತು ಎಂದು ಮೂವರೂ ಬಡಿದಾಡಿದ್ದೆಲ್ಲ ಅದರಲ್ಲಿ ಸರಿಯಾಗಿತ್ತು.

"ಇದು," ಎಂದರು ದರ್ಜಿ.

"ಇದೊಂದು ಸಾಕು ಮೇಡಂ, ಕೆಲಸ ನಿಮ್ಮದೇ," ಎಂದ ಸ್ಟುಡಿಯೋದವನು.

ಬುಗುರಿ ಫೋನಿನಲ್ಲಿ ಅದನ್ನು ಹಾಕಿಸಿಕೊಂಡು ಓಡುನಡಿಗೆಯಲ್ಲಿ ಅಕ್ಕನ ಮನೆಗೆ ಹೋದಳು. ಅಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು, ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಇದು ಬೇಡ."

"ಅಕ್ಕಾ, ಎಲ್ಲಾದಕ್ಕಿಂತ ಚೆನ್ನಾಗಿರೋದು ಇದೊಂದೇ!"

"ಇರಬಹುದು. ಬೇರೆ ಯಾವುದಾದ್ರೂ ಕಳಿಸು. ಅದು ನಿನ್ನನ್ನ ನೋಡಿದ್ದು ಕಣೇ. ಊರಿಗೆಲ್ಲ ತೋರ್ಸೋಕೆ ನೋಡಿದ್ದಲ್ಲ."

ಬುಗುರಿ ಬೇಡಿಕೊಂಡಳು, ರೇಗಿದಳು, ಮತ್ತೆ ಬೇಡಿಕೊಂಡಳು. ಅಕ್ಕ ಈರುಳ್ಳಿಯ ಕಡೆ ತಿರುಗಿಕೊಂಡಳು. ಆಮೇಲಿನ ದಿನಗಳು ಬುಗುರಿಗೆ ಕೆಂಡದ ಮೇಲೆ ನಿಂತ ಹಾಗೆ ಕಳೆದವು. ಗಾಜಿನೊಳಗೆ ಒಂದೇ ಗೊಂಬೆಗೆ ಮೂರು ಸಲ ಬಟ್ಟೆ ಬದಲಾಯಿಸಿದಳು. ಬಸ್ಸಿಗೆ ಕಾಯಲಾಗದೆ ನಡೆದೇ ಮನೆಗೆ ಹೋದಳು, ಮನೆಯಲ್ಲಿ ಇರಲಾಗದೆ ಮತ್ತೆ ರಸ್ತೆಗೆ ಬಂದಳು. "ಕಳಿಸ್ಬಿಡಿ ಮೇಡಂ, ಅವರಿಗೆಲ್ಲಿ ಗೊತ್ತಾಗುತ್ತೆ?" ಎಂದ ಸ್ಟುಡಿಯೋದವನು. "ಕೆಲಸ ಸಿಕ್ಕಿದ ಮೇಲೆ ಅಕ್ಕನೇ ಖುಷಿಪಡ್ತಾರೆ ನೋಡಿ," ಎಂದಳು ಪಾರ್ಲರಿನವಳು. ಅದು ಸುಳ್ಳೂ ಅಲ್ಲ. ಹಿಂದೆ ಬುಗುರಿ ಮಾಡಿದ್ದಕ್ಕೆಲ್ಲ ಕೊನೆಗೆ ಅಕ್ಕ ಹೊಂದಿಕೊಂಡೇ ಇದ್ದಳು. ಹೊಂದಿಕೊಂಡದ್ದನ್ನೇ ಖುಷಿ ಎಂದು ತಾನು ತಿಳಿದಿದ್ದೆನಾ ಎಂಬ ಅನುಮಾನ ಮೊದಲ ಬಾರಿಗೆ ಬಂದು, ಅವಳು ರಸ್ತೆಯ ಮಧ್ಯೆಯೇ ನಿಂತುಬಿಟ್ಟಳು. ಗಡುವಿನ ದಿನ ಫೋಟೋಗಳನ್ನೆಲ್ಲ ಜೋಡಿಸಿದಳು. ಆ ಒಂದನ್ನು ಸೇರಿಸಿದಳು, ತೆಗೆದಳು, ಮತ್ತೆ ಸೇರಿಸಿದಳು. ಕೊನೆಗೆ ತೆಗೆದು, ಮನಸ್ಸು ಬದಲಾಗುವ ಮೊದಲೇ ಉಳಿದವನ್ನು ಕಳಿಸಿಬಿಟ್ಟಳು. ಹಗುರವಾಗಲಿಲ್ಲ.

ಉತ್ತರ ಬೇಗ ಬಂತು. ಕೈಕೆಲಸ ಅಚ್ಚುಕಟ್ಟಾಗಿದೆ, ಆದರೆ ಉಟ್ಟವರು ಕಾಣುತ್ತಿಲ್ಲ, ಬೇರೆಯವರನ್ನು ತೆಗೆದುಕೊಂಡಿದ್ದೇವೆ, ಶುಭವಾಗಲಿ. ಬುಗುರಿ ಅದನ್ನು ಓದಿ, ಗಾಜಿನ ಪೆಟ್ಟಿಗೆಯಿಂದ ಹೊರಬಂದು, ಅರ್ಧ ದಿನದ ರಜೆ ಹೇಳಿ ಸೀದಾ ಲಾಂಡ್ರಿಗೆ ಹೋದಳು. ಅಕ್ಕನ ಮುಂದೆ ಯಾರದೋ ಅಂಗಿಗಳ ರಾಶಿ ಇತ್ತು.

"ಸಿಗಲಿಲ್ಲ ಅಕ್ಕಾ."

ಅಕ್ಕ ಅಂಗಿಯ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಎಳೆಯುತ್ತಲೇ ಇದ್ದಳು. "ಆ ಫೋಟೋ ಕಳಿಸಿದ್ರೆ ಸಿಗ್ತಿತ್ತಾ?"

"ಸಿಗ್ತಿತ್ತು."

"ಮತ್ಯಾಕೆ ಕಳಿಸ್ಲಿಲ್ಲ?"

"ನೀನು ಬೇಡ ಅಂದೆಯಲ್ಲ."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು, ಬೇರೆ ಯಾರೋ ಬಂದಿದ್ದಾರೇನೋ ಅನ್ನುವ ಹಾಗೆ.

"ಇಷ್ಟು ವರ್ಷದಲ್ಲಿ," ಎಂದಳು, "ನಾನು ಬೇಡ ಅಂದಿದ್ದು ನಿನ್ನ ಕಿವಿಗೆ ಬಿದ್ದಿದ್ದು ಇದೇ ಮೊದಲು ಕಣೇ."

ಬುಗುರಿ ಅಲ್ಲೇ, ಒಗೆದ ಚಾದರಗಳ ಗಂಟಿನ ಮೇಲೆ ಕುಸಿದು ಕೂತು ಅತ್ತಳು. ಕೆಲಸ ತಪ್ಪಿದ್ದಕ್ಕೆ ಅಳುತ್ತಿದ್ದಾಳೆ ಎಂದು ಲಾಂಡ್ರಿಯವರು ಸಮಾಧಾನ ಮಾಡಿದರು. ಅದಕ್ಕಲ್ಲ ಎಂದು ಅಕ್ಕ ತಂಗಿ ಇಬ್ಬರಿಗೇ ಗೊತ್ತಿತ್ತು.